ದೇವರ ಜಗಲಿಯ ಮೇಲಿದ್ದ ಗುಳಿಗೆ

ಮೂರು ವರ್ಷ "ಒಂದು ದಿನವೂ ಗುಳಿಗೆ ತಪ್ಪಿಸಬೇಡಿ" ಎಂದು ಕೇಳುತ್ತ ಬಂದವಳಿಗೆ ಇನ್ನೊಬ್ಬ ಡಾಕ್ಟರು ಒಂದು ದಿನ "ಗುಳಿಗೆ ನಿಲ್ಲಿಸಿ" ಎಂದಾಗ ನನಗೆ ನಗು ಬಂತು. ಹೆದರಿಕೆಯಾದರೆ ನನಗೆ ಮೊದಲು ಬರುವುದು ನಗು. ತಾಳಿ ಕಟ್ಟಿಸಿಕೊಳ್ಳುವಾಗಲೂ ಹೀಗೇ ನಕ್ಕುಬಿಟ್ಟಿದ್ದೆ. ನಮ್ಮತ್ತೆ ಅದನ್ನು ಇಪ್ಪತ್ತೆಂಟು ವರ್ಷವಾದರೂ ಮರೆತಿಲ್ಲ.

ಅವತ್ತಿನ ನಗು ಮಾತ್ರ ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ನಿಂತುಹೋಯಿತು. ಆಮೇಲೆ ಮೂರು ವಾರ ನಾನು ಕಂಡದ್ದು ಹೆದರಿಕೆಯೊಂದನ್ನೇ. ಆ ಹೆದರಿಕೆಯಲ್ಲಿ ಒಂದು ತಪ್ಪನ್ನೂ ಮಾಡಿದೆ. ಅದನ್ನು ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ. ನನ್ನ ಹಾಗೆ ಗುಳಿಗೆ ನಿಲ್ಲಿಸಿ ಆಪರೇಷನ್ನಿಗೆ ಕಾಯುತ್ತಿರುವವರು ಯಾರಾದರೂ ಇದನ್ನು ಓದಿದರೆ, ಇಂಥ ಪುಕ್ಕಲಿ ಇನ್ನೊಬ್ಬಳಿದ್ದಳು ಎಂಬುದಾದರೂ ಗೊತ್ತಾಗಲಿ.

ನನ್ನ ಹೆಸರು ಶಿವಗಂಗಾ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಕುಪ್ಪಸ ಹೊಲಿಯುತ್ತೇನೆ. ಕ್ವಾರ್ಟರ್ಸಿನ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ, ಅಳತೆ ಕೊಡುವಾಗ ಹೇಳಿಕೊಂಡ ಗುಟ್ಟುಗಳೂ ಬಾಯಿಪಾಠ. ನಮ್ಮ ಮನೆಯವರು ಕಾಲುವೆ ಆಫೀಸಿನಲ್ಲಿದ್ದಾರೆ. ಗೇಟು ಎತ್ತುವುದು, ಇಳಿಸುವುದು, ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಮಗಳನ್ನು ಸಂಡೂರಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ನಾವಿಬ್ಬರು, ಮತ್ತೆ ನಮ್ಮತ್ತೆ ಬಸಮ್ಮ. ಎಂಬತ್ತಕ್ಕೆ ಎರಡು ಕಮ್ಮಿ. ಕಂಪ್ಲಿಯಲ್ಲಿ ಹುಟ್ಟಿ ಕಂಪ್ಲಿಯಲ್ಲೇ ಬಾಳಿ, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದವರು.

ರೋಗ ಸಿಕ್ಕಿದ್ದು ಅಳತೆ ಟೇಪಿನಿಂದ. ಟೇಪು ಯಾವಾಗಲೂ ನನ್ನ ಕುತ್ತಿಗೆಯಲ್ಲೇ ಇರುತ್ತದೆ. ಒಂದು ದಿನ ಅದನ್ನು ಎಳೆದುಕೊಳ್ಳುವಾಗ ಎಡಗಡೆ ಏನೋ ತಡೆದಂತಾಯಿತು. ಕನ್ನಡಿಯಲ್ಲಿ ನೋಡಿದರೆ ದವಡೆಯ ಕೆಳಗೆ ಸಾಲಾಗಿ ಗಂಟುಗಳು. ನೋವಿಲ್ಲ, ಕೆಂಪಿಲ್ಲ. ಬಳ್ಳಾರಿಯ ಡಾಕ್ಟರಮ್ಮ ಒಂದು ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿ, ಹತ್ತು ದಿನ ಬಿಟ್ಟು ಕರೆಸಿ, ರಕ್ತದ ಕ್ಯಾನ್ಸರ್ ಎಂದರು. ನಿಧಾನಕ್ಕೆ ಬೆಳೆಯುವ ಜಾತಿಯದು, ಪೂರ್ತಿ ಹೋಗುವುದಿಲ್ಲ, ಆದರೆ ದಿನಕ್ಕೊಂದು ಗುಳಿಗೆ ನುಂಗಿದರೆ ತಲೆಯೆತ್ತದ ಹಾಗೆ ಇಡಬಹುದು ಎಂದರು. ನಮ್ಮ ಮನೆಯವರು ಕೈ ಮುಗಿದರು. ನಾನು ನಕ್ಕೆ. ಡಾಕ್ಟರಮ್ಮ ಗಾಬರಿಯಾಗಿ ನನಗೆ ನೀರು ಕೊಡಿಸಿದರು.

ಮೊದಲ ತಿಂಗಳು ಗುಳಿಗೆಯ ನೇಮ ನನ್ನ ಕೈಗೆ ಹತ್ತಲಿಲ್ಲ. ಮದುವೆ ಕುಪ್ಪಸಗಳ ಗಡಿಬಿಡಿಯಲ್ಲಿ ಒಂದು ದಿನ ಮರೆತೆ, ಇನ್ನೊಂದು ದಿನ ನುಂಗಿದೆನೋ ಇಲ್ಲವೋ ಎಂದು ಎರಡು ನುಂಗಿದೆ. ಅದು ಗೊತ್ತಾದದ್ದೇ ತಡ, ನಮ್ಮತ್ತೆ ಡಬ್ಬಿಯನ್ನು ಕಿತ್ತುಕೊಂಡರು.

"ಇನ್ನ ಮ್ಯಾಲ ಇದು ನನ್ನ ಕೆಲಸ. ನೀ ನಿನ್ನ ಗುಂಡಿ ಕಾಜ ನೋಡ್ಕೋ."

ನಮ್ಮತ್ತೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಮನೆಯಲ್ಲಿ ಮಿಕ್ಸಿ ಕೂಡ ತಿರುಗುವಂತಿಲ್ಲ. ಪೂಜೆ ಮುಗಿದು, ಲಿಂಗವನ್ನು ಕೊರಳಿನ ಕರಡಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದ ಮೇಲೆಯೇ ಅವರಿಗೆ ಬಾಯಿ ಬರುವುದು. ಆಮೇಲೆ ಎಲ್ಲರಿಗೂ ಪ್ರಸಾದ. ಕಲ್ಲುಸಕ್ಕರೆಯ ಒಂದು ಹರಳು. ನನ್ನ ಪಾಲಿಗೆ ಅವತ್ತಿನಿಂದ ಹರಳಿನ ಪಕ್ಕ ಒಂದು ಗುಳಿಗೆಯೂ ಬರತೊಡಗಿತು.

"ಪ್ರಸಾದ ಒಲ್ಲೆ ಅನಬಾರ್ದು. ಹಿಂಗ ಕೊಟ್ರ ನೀ ತಪ್ಪಸಂಗಿಲ್ಲ ನೋಡು," ಎಂದು ಅವರು ಗೆದ್ದವರ ಹಾಗೆ ಹೇಳಿದರು. ನಿಜ, ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಗಂಟುಗಳು ಎರಡು ತಿಂಗಳಲ್ಲಿ ಕರಗಿದವು. ಮೈಯಲ್ಲಿ ಅಲ್ಲಲ್ಲಿ ನೀಲಿ ಕಲೆ ಬೀಳುತ್ತಿತ್ತು, ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುತ್ತಿರಲಿಲ್ಲ. ಬಿಳಿ ಬಟ್ಟೆ ಹೊಲಿಯುವುದನ್ನು ಬಿಟ್ಟೆ, ಅಷ್ಟೇ. ಉಳಿದಂತೆ ರೋಗ ಇದೆ ಎನ್ನುವುದೇ ಮರೆತುಹೋಗಿತ್ತು.

ಅಷ್ಟರಲ್ಲಿ ಇನ್ನೊಂದು ಬಂತು. ಕಂಪ್ಲಿಯಲ್ಲಿ ಸಂಬಂಧಿಕರ ಸೀಮಂತ ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ ಬಲ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ನನ್ನನ್ನು ಸೀಟಿನಿಂದ ಕೆಳಗಿಳಿಸಿತು. ಊಟ ಹೆಚ್ಚಾಗಿದೆ ಎಂದುಕೊಂಡೆ. ಹೋಳಿಗೆ ನಾಲ್ಕಾಗಿತ್ತು, ಸುಳ್ಳೇಕೆ. ಆದರೆ ಅದೇ ನೋವು ಆ ತಿಂಗಳಲ್ಲಿ ಇನ್ನೆರಡು ಸಲ ಬಂತು. ಹೊಸಪೇಟೆಯಲ್ಲಿ ಸ್ಕ್ಯಾನಿಂಗ್ ಮಾಡಿದವರು ಪಿತ್ತಕೋಶದ ತುಂಬ ಕಲ್ಲು ಎಂದರು.

"ಇನ್ನ ಮ್ಯಾಲ ನೆಂಟ್ರು ಬಂದ್ರ ಹಂಪಿಗೆ ಕರ್ಕೊಂಡು ಹೋಗೂದು ಬ್ಯಾಡ ಬಿಡು. ಕಲ್ಲು ಮನ್ಯಾಗ ಅದಾವ," ಎಂದರು ನಮ್ಮ ಮನೆಯವರು.

ಸರ್ಜನ್ ಹತ್ತಿರ ಹೋದಾಗ ನಮ್ಮ ಮನೆಯವರಿಗೂ ತಮಾಷೆ ಹೊಳೆಯಲಿಲ್ಲ. ಸರ್ಜನ್ ಮೃದು ಮಾತಿನ ಮನುಷ್ಯ. ಪಿತ್ತಕೋಶದಲ್ಲಿ ಕೀವಾದರೆ ನನ್ನಂಥ ರಕ್ತದವಳಿಗೆ ಅದು ಮೈಗೆಲ್ಲ ಹಬ್ಬಬಹುದು, ಶಾಂತವಾಗಿರುವಾಗಲೇ ತೆಗೆದುಬಿಡುವುದು ಒಳ್ಳೆಯದು ಎಂದರು. ಬಳ್ಳಾರಿಯ ಡಾಕ್ಟರಮ್ಮನ ಜೊತೆ ನಮ್ಮೆದುರಿಗೇ ಫೋನಿನಲ್ಲಿ ಮಾತಾಡಿದರು. ಆಮೇಲೆ ಆ ಮಾತು ಹೇಳಿದರು.

"ಈ ಗುಳಿಗಿ ರಕ್ತ ಹೆಪ್ಪುಗಟ್ಟೂದಕ್ಕ ಬಿಡಂಗಿಲ್ಲಮ್ಮ. ಆಪರೇಷನ್ನಿಗಿಂತ ಏಳು ದಿನ ಮೊದ್ಲು ನಿಲ್ಲಸ್ರಿ. ಆದ ಮ್ಯಾಲ ಇನ್ನ ಏಳು ದಿನ. ಆಮ್ಯಾಲ ಶುರು ಮಾಡೋಣು."

"ಅಷ್ಟು ದಿನ ರೋಗ ಸುಮ್ನಿರ್ತೈತೇನ್ರಿ ಸರ?"

"ಗಂಟು ಒಂಚೂರು ಊದಬಹುದು. ಮತ್ತ ಗುಳಿಗಿ ಶುರು ಮಾಡಿದ್ರ ಇಳೀತಾವ."

ಆ "ಬಹುದು" ನನ್ನ ಜೊತೆ ಆಟೋ ಹತ್ತಿ ಮನೆಗೆ ಬಂತು. ಬುಧವಾರ ಆಪರೇಷನ್ ಎಂದು ನಿಗದಿಯಾಯಿತು. ಅದರ ಹಿಂದಿನ ವಾರದ ಮಂಗಳವಾರ ಕೊನೆಯ ಗುಳಿಗೆ.

ನಮ್ಮ ಮನೆಯವರು ನನಗೆ ಧೈರ್ಯ ಹೇಳಿದ್ದು ಅವರ ಕಾಲುವೆಯ ಭಾಷೆಯಲ್ಲಿ. "ನೋಡು ಲೇ, ನಾವು ಮ್ಯಾಲ ಗೇಟ್ ಇಳಿಸಿದ್ರೂ ಕೊನಿ ಭಾಗಕ್ಕ ಮೂರು ದಿನ ನೀರು ಹರೀತನ ಇರ್ತೈತಿ. ಮೂರು ವರ್ಷ ನುಂಗಿದ್ದು ಏಳು ದಿನಕ್ಕ ಒಣಗ್ತೈತೇನು?"

"ನಾಕನೇ ದಿನ ಕೊನಿ ಭಾಗದ ರೈತ್ರು ಬಂದು ನಿಮ್ಮನ್ನ ಬೈತಾರಲ್ಲ, ಅದನ್ನೂ ಹೇಳ್ರಿ," ಎಂದೆ.

ಗೇಟು ಇಳಿಸಿದ ಮೇಲೆ ಯಾರೂ ಮುಟ್ಟದ ಹಾಗೆ ಸರಪಳಿ ಹಾಕಿ ಬೀಗ ಜಡಿಯುವುದು ಅವರ ಅಭ್ಯಾಸ. ಇಲ್ಲಿ ಬೀಗಕ್ಕೆ ಬದಲು ಅವರು ಗುಳಿಗೆಯ ಡಬ್ಬಿಯನ್ನು ತೆಗೆದುಕೊಂಡು ಹೋಗಿ ದೇವರ ಜಗಲಿಯ ಮೇಲೆ, ವಿಭೂತಿಯ ಬಟ್ಟಲ ಪಕ್ಕ ಇಟ್ಟರು. "ದೇವ್ರ ಮುಂದ ಇಟ್ಟದ್ದು ಯಾರೂ ಮುಟ್ಟಂಗಿಲ್ಲ," ಎಂದರು. ಕ್ಯಾಲೆಂಡರಿನಲ್ಲಿ ಏಳು ದಿನಗಳ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದರು. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಅನ್ನದೆ ಇರುವುದು ಅವರ ಸ್ವಭಾವವಲ್ಲ, ಅದು ನನಗೆ ಆಗಲೇ ಹೊಳೆಯಬೇಕಿತ್ತು.

ಬುಧವಾರ ಅಂಗೈಯಲ್ಲಿ ಬರೀ ಕಲ್ಲುಸಕ್ಕರೆ ಬಂತು. ಗುರುವಾರವೂ ಅಷ್ಟೇ. "ಕೈ ಖಾಲಿ ಅನಸ್ತೈತಿ," ಎಂದರು ಅತ್ತೆ. ನಾನು ತಾಸಿಗೊಮ್ಮೆ ಕುತ್ತಿಗೆ ಮುಟ್ಟಿಕೊಳ್ಳತೊಡಗಿದೆ. ಮೊದಲು ತಾಸಿಗೊಮ್ಮೆ, ಆಮೇಲೆ ಒಂದೊಂದು ಹೊಲಿಗೆ ಮುಗಿದಾಗಲೆಲ್ಲ. ಮುಟ್ಟಿ ಮುಟ್ಟಿ ಚರ್ಮವೇ ಉರಿಯುತ್ತಿತ್ತು. ಸಂಡೂರಿನಿಂದ ಮಗಳು ದಿನಾ ಫೋನು ಮಾಡಿ "ಆರಾಮಿದ್ದಿಯೇನವ್ವಾ?" ಎನ್ನುವಳು. "ನನಗೇನಾಗೈತಿ, ಗುಂಡುಕಲ್ಲಿನಂಗ ಇದ್ದೀನಿ," ಎನ್ನುತ್ತಿದ್ದೆ. ಫೋನಿಟ್ಟು ಮತ್ತೆ ಕುತ್ತಿಗೆ.

ಭಾನುವಾರ ಅದು ಸಿಕ್ಕಿತು. ಎಡಗಡೆ, ಹಳೆಯ ಜಾಗದಲ್ಲೇ, ತೊಗರಿ ಕಾಳಿನಷ್ಟು. ಬೆರಳು ತೆಗೆದು ಮತ್ತೆ ಇಟ್ಟೆ. ಇತ್ತು. ಬಲಗಡೆಯೂ ಇದೆಯೇನೋ ಎಂದು ಹುಡುಕಿದೆ, ಇರಲಿಲ್ಲ. ಮತ್ತೆ ಎಡಗಡೆ. ಇತ್ತು. ಮಷೀನಿನ ಮುಂದೆ ಕೂತಿದ್ದವಳು ಕಾಲಲ್ಲಿ ತುಳಿಯುವುದನ್ನೇ ಮರೆತೆ. ನಾನು ಸಾಯುತ್ತೇನೆ ಎಂದು ಆ ಕ್ಷಣಕ್ಕೆ ಪೂರ್ತಿ ನಂಬಿದೆ. ಮೂರು ವರ್ಷ ಕಟ್ಟಿಹಾಕಿದ್ದನ್ನು ನಾವೇ ಬಿಚ್ಚಿಬಿಟ್ಟೆವು, ಇನ್ನು ಅದು ಹಿಂದೆ ಹೋಗುವುದಿಲ್ಲ ಎನಿಸಿತು. ಡಾಕ್ಟರಿಗೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಅವರು "ಹೌದು, ಮತ್ತೆ ಬಂದಿದೆ" ಎಂದುಬಿಟ್ಟರೆ? ಮನೆಯವರಿಗೂ ಹೇಳಲಿಲ್ಲ. ಆದರೆ ನಮ್ಮತ್ತೆಯ ಕಣ್ಣು ತಪ್ಪಿಸಲಾಗುತ್ತದೆಯೇ? ನನ್ನ ಕೈ ಎಲ್ಲೆಲ್ಲಿ ಹೋಗುತ್ತದೆ ಎಂದು ಅವರು ಐದು ದಿನದಿಂದ ನೋಡುತ್ತಲೇ ಇದ್ದರು.

ಸೋಮವಾರದ ಪೂಜೆ ಯಾವಾಗಲೂ ಉದ್ದ. ಬಿಲ್ವಪತ್ರೆ ಹೆಚ್ಚು, ಮೌನವೂ ಹೆಚ್ಚು. ನಮ್ಮ ಮನೆಯವರು ಅಷ್ಟರಲ್ಲಿ ಡ್ಯೂಟಿಗೆ ಹೋಗಿಯಾಗಿತ್ತು. ಅತ್ತೆ ಕರಡಿಗೆ ಮುಚ್ಚಿ, ಎದ್ದು, ನನ್ನ ಮುಂದೆ ಬಂದು ನಿಂತು ಅಂಗೈ ಚಾಚಿದರು. ಕಲ್ಲುಸಕ್ಕರೆಯ ಹರಳು. ಪಕ್ಕದಲ್ಲಿ ಗುಳಿಗೆ.

ಅವರಿಗೆ ಮರೆವಿರಲಿಲ್ಲ, ಕಣ್ಣೂ ಸರಿಯಾಗಿತ್ತು. ನನಗೂ ಸರಿಯಾಗಿತ್ತು. ಇಬ್ಬರಿಗೂ ಅದು ಏನೆಂದು ಗೊತ್ತಿತ್ತು.

"ತಗೋ. ಪ್ರಸಾದ," ಎಂದರು.

ನಾನು ತೆಗೆದುಕೊಂಡೆ. ಪ್ರಸಾದ ಒಲ್ಲೆ ಅನ್ನಬಾರದು ಎಂಬ ಮಾತು ಆ ಹೊತ್ತಿಗೆ ಒಳ್ಳೆಯ ನೆವವಾಗಿ ಒದಗಿತು. ನೀರು ಕುಡಿದೆ. ಗುಳಿಗೆ ಗಂಟಲಿಳಿಯುವಾಗ ಎಂಥ ಸಮಾಧಾನವಾಯಿತೆಂದರೆ ಅವತ್ತು ಮಧ್ಯಾಹ್ನದೊಳಗೆ ಮೂರು ಕುಪ್ಪಸ ಹೊಲಿದು ಮುಗಿಸಿದೆ. ಒಂದೇ ಒಂದು ತಾನೇ, ಆರು ದಿನದಲ್ಲಿ ಒಂದು, ಅದರಿಂದೇನಾಗುತ್ತದೆ ಎಂದುಕೊಂಡೆ.

ಮಂಗಳವಾರ ಆಸ್ಪತ್ರೆಗೆ ಸೇರಿಸಿದರು. ಪಕ್ಕದ ಮಂಚದಲ್ಲಿ ಕುರೆಕುಪ್ಪದ ಹುಲಿಗೆಮ್ಮ ಎಂಬಾಕೆ. ಅವಳ ಗಂಡ ಸ್ಟೀಲ್ ಫ್ಯಾಕ್ಟರಿಯಲ್ಲಿ ಕೆಲಸಗಾರ. ಅವಳಿಗೆ ಹರ್ನಿಯಾ ಆಪರೇಷನ್ ಆಗಿ ಎರಡು ದಿನವಾಗಿತ್ತು. ಹೊಟ್ಟೆ ಹಿಡಿದುಕೊಂಡು ನಗುವುದು ಹೇಗೆ ಎಂದು ನನಗೆ ಕಲಿಸಿಕೊಟ್ಟಳು. ಸಿಸ್ಟರ್ ಬಂದು ಕಾಗದ ತುಂಬುತ್ತ, "ಕ್ಯಾನ್ಸರ್ ಗುಳಿಗಿ ಕೊನೀಗೆ ಯಾವತ್ತು ತಗೊಂಡ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ನಮ್ಮ ಮನೆಯವರು ಎದೆಯುಬ್ಬಿಸಿ, "ಹೋದ ಮಂಗಳವಾರ ರೀ. ಇವತ್ತಿಗೆ ಏಳು ದಿನ ಬರೋಬ್ಬರಿ," ಎಂದರು. ಫೋನಿನಲ್ಲಿ ಕ್ಯಾಲೆಂಡರಿನ ಫೋಟೋ ಕೂಡ ತೋರಿಸಿದರು. ಸಿಸ್ಟರ್ ಬರೆದುಕೊಂಡರು. ನಾನು ಸೀಲಿಂಗ್ ನೋಡಿದೆ.

ಮನೆಯವರು ಔಷಧಿ ತರಲು ಕೆಳಗೆ ಹೋದರು. ಸಿಸ್ಟರ್ ನನ್ನ ಮುಂಗೈಗೆ ಸೂಜಿ ಹಾಕಲು ನೋಡಿದರು. ಮೊದಲ ಸಲ ನರ ಸಿಗಲಿಲ್ಲ. ಸೂಜಿ ತೆಗೆದು ಹತ್ತಿ ಇಟ್ಟು, "ಒತ್ತಿ ಹಿಡೀರಿ, ಬಂದೆ," ಎಂದು ಹೋದರು. ಒತ್ತಿ ಹಿಡಿದೆ. ಹತ್ತಿ ಕೆಂಪಾಯಿತು. ಮತ್ತೊಂದು ಹತ್ತಿ ಇಟ್ಟೆ. ಅದೂ ಕೆಂಪಾಯಿತು. ಬೆರಳ ಸಂದಿಯಿಂದ ಇಳಿದು ಹಾಸಿಗೆಯ ಬಿಳಿ ಬಟ್ಟೆಗೆ ತಾಗಿತು.

"ಏನಕ್ಕಾ, ನಿನ್ನ ರಕ್ತ ನಿಂದ್ರವಲ್ದು," ಎಂದಳು ಹುಲಿಗೆಮ್ಮ.

ಇಷ್ಟು ಸಣ್ಣ ತೂತು ಮುಚ್ಚದಿದ್ದರೆ ನಾಳೆ ಹೊಟ್ಟೆಯೊಳಗೆ ಕತ್ತರಿಸಿದ್ದು ಹೇಗೆ ಮುಚ್ಚುತ್ತದೆ? ಹೇಳಬೇಕು. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಗುಳಿಗೆಯಿಲ್ಲದ ದಿನಗಳು ಮತ್ತೆ ಒಂದರಿಂದ ಶುರುವಾಗುತ್ತವೆ, ಗಂಟು ಬೆಳೆಯುತ್ತದೆ. ಹೇಳಿದರೆ ಅತ್ತೆಯ ಮಾನ ಹೋಗುತ್ತದೆ. ಹೇಳದಿದ್ದರೆ ಮೇಜಿನ ಮೇಲೇ ಹೋಗುತ್ತೇನೆ. ಯಾವ ಕಡೆ ನೋಡಿದರೂ ಸಾವೇ ಕಂಡಿತು. ಏನೂ ತೋಚದೆ, ಗುರುತು ಪರಿಚಯವಿಲ್ಲದ ಹುಲಿಗೆಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. "ಶಿವನ ಕಾಯಬೇಕು," ಎಂದು ಅಳತೊಡಗಿದೆ.

ಅವಳು ತನ್ನ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. "ಶಿವಗ ಆಮ್ಯಾಲ ಹೇಳೀವಂತ ಅಕ್ಕಾ. ಮೊದ್ಲ ಆ ಸಿಸ್ಟರಿಗೆ ಹೇಳು. ಜಲ್ದಿ." ನಾನು ಹಿಂದೆಮುಂದೆ ನೋಡುತ್ತಿದ್ದಾಗ ಅವಳೇ "ಸಿಸ್ಟರ್!" ಎಂದು ಕೂಗಿದಳು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ಅಷ್ಟು ಜೋರಾಗಿ ಕೂಗಿದ ಆ ಹೆಂಗಸಿನ ಋಣ ನನ್ನ ಮೇಲಿದೆ.

ಸರ್ಜನ್ ಬಂದರು. ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನಾಳೆ ಒಳಗ ರಕ್ತ ನಿಲ್ಲದಿದ್ರ ನಾನೇನು ಮಾಡಬೇಕಿತ್ತು ಹೇಳ್ರಿ?" ಎಂದು ಕೇಳಿದರು. ನಾನು ಅಳುತ್ತಿದ್ದೆ. "ಈಗರ ಹೇಳಿದ್ರಲ್ಲ, ಛಲೋ ಆತು. ಮುಂದಿನ ಮಂಗಳವಾರ ಮಾಡೋಣು. ಅಲ್ಲೀ ತನಕ ಒಂದೂ ಬ್ಯಾಡ."

ಕುತ್ತಿಗೆ ಮುಟ್ಟಿ ನೋಡಿದರು. ನನ್ನ ಭ್ರಮೆ ಎಂದು ಹೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ಹೌದು, ಸಣ್ಣದೊಂದು ಗಂಟು ಐತಿ," ಎಂದರು. ಬಳ್ಳಾರಿಗೆ ಫೋನು ಮಾಡಿದರು. ಡಾಕ್ಟರಮ್ಮ ಇದು ಎಣಿಸಿದ್ದೇ, ಗಾಬರಿ ಬೇಡ ಎಂದರಂತೆ. ಗಾಬರಿ ಬೇಡ ಎನ್ನುವುದು ಸುಲಭ, ಅವರ ಕುತ್ತಿಗೆಯಲ್ಲಿ ಇರಲಿಲ್ಲವಲ್ಲ.

ಔಷಧಿ ತಂದ ನಮ್ಮ ಮನೆಯವರು ಇದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಮನೆಗೆ ಬಂದವರೇ ಚಪ್ಪಲಿ ಬಿಡದೆ ನಡುಮನೆಗೆ ಬಂದು ನಿಂತರು.

"ಯಾರು ಕೊಟ್ರು ಗುಳಿಗಿ?"

"ನಾ ಕೊಟ್ಟೆ," ಎಂದರು ಅತ್ತೆ.

"ಗೊತ್ತಿದ್ದು ಗೊತ್ತಿದ್ದು ನಾ ನುಂಗಿದೆ. ಅವ್ರಿಗೇನೂ ಅನ್ನಬ್ಯಾಡ್ರಿ," ಎಂದೆ.

"ಇಬ್ರೂ ಸೇರಿ ನನ್ನ ಕೊಲ್ರಿ!" ಎಂದು ಅವರು ಕೂಗಿದರು. ಗೇಟಿನ ಮುಂದೆ ರೈತರು ಸಾಲಾಗಿ ನಿಂತು ಬೈದರೂ ದನಿ ಏರಿಸದ ಮನುಷ್ಯ. ಕೂಗಿ ಮುಗಿಸಿ ಜಗಲಿಯ ಮುಂದೆ ಹೋಗಿ ನಿಂತರು. ಚಪ್ಪಲಿ ಕಾಲಲ್ಲೇ ಇರುವುದು ಆಗ ಗೊತ್ತಾಗಿ, ಹಿಂದಕ್ಕೆ ಹೋಗಿ ಬಿಟ್ಟು ಬಂದು, ಡಬ್ಬಿ ಕೈಗೆತ್ತಿಕೊಂಡರು. "ತಪ್ಪು ನಂದೂ ಐತಿ," ಎಂದರು ಮೆಲ್ಲಗೆ. "ಜಗಲಿ ಮ್ಯಾಲ ಇಟ್ಟದ್ದು ಪ್ರಸಾದ ಆಗ್ದ ಇನ್ನೇನು ಆಗ್ತೈತಿ. ಹುಟ್ಟಿದಾಗಿಂದ ನೋಡೀನಿ." ಡಬ್ಬಿಯನ್ನು ಆಫೀಸಿಗೆ ಒಯ್ದು ಗೇಟಿನ ಕೀಲಿಕೈಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಅವರು ಹೋದ ಮೇಲೆ ಅತ್ತೆ ನನ್ನ ಪಕ್ಕ ಕೂತು ತಮ್ಮನ ಮಾತು ತೆಗೆದರು. ಚಿಕ್ಕ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ ತಮ್ಮನೊಬ್ಬ ಅವರಿಗಿದ್ದ ಎಂದಷ್ಟೇ ನಮಗೆ ಗೊತ್ತಿತ್ತು.

"ಆರು ತಿಂಗಳಿಗೆ ಕೆಮ್ಮು ನಿಂತಿತ್ತು. ಔಷಧ ತಗೊಂಡ್ರ ಹೊಟ್ಟಿ ತೊಳಸ್ತೈತಿ ಅಂತಿದ್ದ. ಆರಾಮ ಆಗೀಯಲ್ಲ, ಸಾಕು ಬಿಡೋ ಅಂದೆ. ನಾನ ಅಂದೆ. ಬಿಟ್ಟ. ಮತ್ತ ತಿರುಗಿ ಬಂದದ್ದು ಹೋಗ್ಲಿಲ್ಲ," ಎಂದರು. "ನಿನ್ನ ಕೈ ಕುತಿಗ್ಗೆ ಹೋಗೂದು ನೋಡಿದೆ. ಈ ಮನ್ಯಾಗ ಇನ್ನೊಂದು ಸಲ ಸಾಕು ಬಿಡು ಅನ್ನಾಕ ಆಗ್ಲಿಲ್ಲ ನನಗ."

ಅವರ ಮೇಲೆ ನನಗಿದ್ದ ಅಷ್ಟಿಷ್ಟು ಸಿಟ್ಟೂ ಅಲ್ಲಿಗೆ ಹೋಯಿತು. ಇಬ್ಬರೂ ಅತ್ತೆವು. ಅತ್ತು ಮುಗಿಸಿ ನನ್ನ ಕೈ ಮತ್ತೆ ಕುತ್ತಿಗೆಗೆ ಹೋಯಿತು. ಅತ್ತೆ ಆ ಕೈಯನ್ನು ಹಿಡಿದು ಕೆಳಗಿಟ್ಟರು.

"ಇನ್ನ ನೀ ಮುಟ್ಟಬ್ಯಾಡ. ದಿನಕ್ಕೊಮ್ಮೆ ಪೂಜಿ ಆದ ಮ್ಯಾಲ ನಾ ನೋಡಿ ಹೇಳ್ತೀನಿ. ನೀ ಮುಟ್ಟಿದ್ರ ನನ್ನಾಣಿ."

ಎರಡನೆಯ ವಾರ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಶನಿವಾರ ಪಕ್ಕೆಲುಬಿನ ಕೆಳಗೆ ನೋವು ಹಿಡಿದು ಅರ್ಧ ತಾಸು ಬಿಡಲಿಲ್ಲ. ಪಿತ್ತಕೋಶ ಒಡೆಯಿತು, ಇತ್ತ ಇದು, ಅತ್ತ ಕುತ್ತಿಗೆಯ ಗಂಟು ಎಂದು ನೆಲದ ಮೇಲೆ ಹೊರಳಾಡಿದೆ. ಸರ್ಜನ್ ಫೋನಿನಲ್ಲೇ ಇದ್ದು, ಜ್ವರ ನೋಡಿಸಿ, ನೋವು ಇಳಿಯುವವರೆಗೂ ಫೋನಿಡಲಿಲ್ಲ. ಇಷ್ಟೆಲ್ಲದರ ನಡುವೆ ನನಗಿದ್ದ ಒಂದೇ ಆಸರೆ ಬೆಳಗಿನ ಆ ಗಳಿಗೆ. ಪೂಜೆ ಮುಗಿಯುತ್ತಿತ್ತು. ಅತ್ತೆ ಕರಡಿಗೆ ಮುಚ್ಚುತ್ತಿದ್ದರು. ಅಂಗೈ ಬಿಚ್ಚಿ ತೋರಿಸಿ, "ನೋಡು, ಸಕ್ಕರಿ ಅಷ್ಟ," ಎನ್ನುತ್ತಿದ್ದರು. ಆಮೇಲೆ ವಿಭೂತಿಯ ಬೆರಳುಗಳಿಂದ ನನ್ನ ಎಡ ದವಡೆಯ ಕೆಳಗೆ ಮೆಲ್ಲಗೆ ಒತ್ತಿ ನೋಡುತ್ತಿದ್ದರು.

"ನಿನ್ನಿನಷ್ಟ ಐತಿ. ಹೋಗು, ಮಷೀನ್ ತುಳಿ."

ಐದು ದಿನವೂ ಅದೇ ಮಾತು. ಆ ಮಾತಿನ ಮೇಲೆ ಒಂದೊಂದು ದಿನ ದೂಡಿದೆ.

ಸೋಮವಾರ ಮತ್ತೆ ಸೇರಿಸಿದರು. ಸಿಸ್ಟರ್ ಅದೇ ಪ್ರಶ್ನೆ ಕೇಳಿದರು. ನಮ್ಮ ಮನೆಯವರು ಬಾಯಿ ತೆರೆದು, ಮುಚ್ಚಿ, ನನ್ನ ಕಡೆ ನೋಡಿದರು. "ಹೋದ ಸೋಮವಾರ," ಎಂದೆ. ಸರ್ಜನ್ ಕುತ್ತಿಗೆ ಮುಟ್ಟಿ ನೋಡಿ, "ಹೋದ ವಾರಕ್ಕಿಂತ ದೊಡ್ಡದಾಗೈತಿ. ಪಕ್ಕದಾಗ ಇನ್ನೊಂದು ಐತಿ. ಆದ್ರೂ ಮುಂದುವರಿಯೋಣು, ಇನ್ನ ತಡ ಮಾಡೂದು ಬ್ಯಾಡ," ಎಂದರು.

ನಿನ್ನಿನಷ್ಟ ಐತಿ, ನಿನ್ನಿನಷ್ಟ ಐತಿ ಎಂದ ನಮ್ಮತ್ತೆ! ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ಬಲವಿರಲಿಲ್ಲ.

ಆಪರೇಷನ್ ಕೋಣೆಯ ಬಗ್ಗೆ ಬರೆಯಲು ನನಗೆ ಹೆಚ್ಚು ನೆನಪಿಲ್ಲ. ಚಳಿ ಇತ್ತು. ದೀಪ ದೊಡ್ಡದಿತ್ತು. ಹಲ್ಲು ಕಟಕಟ ಅನ್ನುತ್ತಿದ್ದವು, ಅದರ ನಡುವೆ ನಗು ಬಂತು. ಅರಿವಳಿಕೆ ಕೊಡುವ ಡಾಕ್ಟರು "ಯಾಕಮ್ಮ?" ಎಂದು ಕೇಳಿದರು. "ಹೆದರಿಕಿ ರೀ," ಎಂದೆ. ಅವರು ನನ್ನ ಹಣೆಯ ಮೇಲೆ ಕೈಯಿಟ್ಟರು. ಆ ಕೈ ಬೆಚ್ಚಗಿತ್ತು. ಎಚ್ಚರವಾದಾಗ ನಾನು ಕೇಳಿದ ಮೊದಲ ಮಾತು "ರಕ್ತ?" ಎಂಬುದಂತೆ. "ಭಾಳ ಹೋಗಿಲ್ಲ, ಮಕ್ಕೋರಿ," ಎಂದರು ಸಿಸ್ಟರ್. ನಮ್ಮ ಮನೆಯವರು ಸಣ್ಣ ಬಾಟಲಿಯಲ್ಲಿ ಕಲ್ಲುಗಳನ್ನು ಹಿಡಿದುಕೊಂಡು ನಿಂತಿದ್ದರು. ಮುಖ ಊದಿತ್ತು. ಹಂಪಿಯ ಮಾತು ಎತ್ತಲಿಲ್ಲ.

ನಾಲ್ಕನೇ ದಿನ ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಬಂದು ಕುತ್ತಿಗೆಗೆ ಕೈ ಹಚ್ಚಿದಾಗ ಕೇಳಿಯೇಬಿಟ್ಟೆ.

"ಅತ್ತೀ, ದಿನಾ ನಿನ್ನಿನಷ್ಟ ಐತಿ ಅಂದ್ರಿ. ದಿನಾ ಬೆಳೀತಿತ್ತು."

"ಹೌದು."

"ಲಿಂಗ ಕೈಯಾಗ ಹಿಡ್ಕೊಂಡು ಪೂಜಿ ಮಾಡಿ ಸುಳ್ಳು ಹೇಳ್ತಿದ್ರೇನ್ರಿ?"

"ಕೈಯಾಗ ಹಿಡ್ಕೊಂಡು ಹೇಳ್ಲಿಲ್ಲ," ಎಂದರು ಅತ್ತೆ. "ಕರಡಿಗ್ಯಾಗ ಇಟ್ಟು, ಮುಚ್ಚಳ ಹಾಕಿದ ಮ್ಯಾಲ ಹೇಳ್ತಿದ್ದೆ."

ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕೆ. ಹುಲಿಗೆಮ್ಮ ಕಲಿಸಿದ ಹಾಗೆ ಹೊಟ್ಟೆ ಹಿಡಿದುಕೊಂಡು. ಅವತ್ತಿನಿಂದ ಅತ್ತೆ ಸುಳ್ಳು ಹೇಳುವುದನ್ನು ಬಿಟ್ಟರು. ನಿಜವನ್ನೂ ಹೇಳಲಿಲ್ಲ. ಮುಟ್ಟಿ ನೋಡಿ ಸುಮ್ಮನೆ ಎದ್ದುಹೋಗುತ್ತಿದ್ದರು. ಆ ಮೌನಕ್ಕಿಂತ ಸುಳ್ಳೇ ವಾಸಿಯಿತ್ತು ಎನಿಸಿತು. ಆಣೆ ಮುರಿದು ಒಮ್ಮೆ ಮುಟ್ಟಿಕೊಂಡೆ. ಬೋರೆಹಣ್ಣಿನಷ್ಟಿತ್ತು. ಗುಳಿಗೆ ಮತ್ತೆ ಶುರುಮಾಡಿದರೂ ಇದು ಕೇಳದಿದ್ದರೆ? ಬಿಟ್ಟ ಔಷಧಿ ಎರಡನೆಯ ಸಲ ಹತ್ತದೆ ಹೋದರೆ? ಅತ್ತೆಯ ತಮ್ಮನ ಮುಖವನ್ನು ನಾನು ನೋಡಿಲ್ಲ, ಆದರೂ ಆ ದಿನಗಳಲ್ಲಿ ಅವನು ನಮ್ಮ ಮನೆಯಲ್ಲೇ ಇದ್ದ.

ವಾರ ಮುಗಿದು ಸರ್ಜನ್ ಗಾಯ ನೋಡಿ, "ನಾಳಿಯಿಂದ ಶುರು ಮಾಡ್ರಿ," ಎಂದರು. ನಮ್ಮ ಮನೆಯವರು ಅಲ್ಲಿಂದ ನೇರ ಆಫೀಸಿಗೆ ಹೋಗಿ ಡಬ್ಬಿ ತಂದರು. ಈ ಸಲ ಜಗಲಿಯ ಹತ್ತಿರವೂ ಹೋಗಲಿಲ್ಲ, ನನ್ನ ಮಷೀನಿನ ಮೇಲೆ ಇಟ್ಟರು.

ಬೆಳಿಗ್ಗೆ ಅತ್ತೆ ಅಂಗೈ ಚಾಚಿದರು. ಬರೀ ಸಕ್ಕರೆ.

"ಇದು ಪ್ರಸಾದ, ಒಲ್ಲೆ ಅನಬಾರ್ದು," ಎಂದರು. ಮಷೀನಿನ ಕಡೆ ಗದ್ದ ಎತ್ತಿ ತೋರಿಸಿದರು. "ಅದು ಔಷಧ. ನಿನ್ನ ಕೈಯಾರೆ ತಗೋ. ಡಾಕ್ಟ್ರು ಬ್ಯಾಡ ಅಂದ ದಿನ ಒಲ್ಲೆ ಅನಬೇಕು. ನಾ ಕೊಟ್ರೂ ಅನಬೇಕು."

ನನ್ನ ಕೈಯಾರೆ ತೆಗೆದು ನುಂಗಿದೆ. ಹಿಂದಿನ ಸಲದ ಸಮಾಧಾನ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಅತ್ತೆ ದಿನಾ ಮುಟ್ಟಿ ನೋಡಿ ಎದ್ದುಹೋಗುತ್ತಿದ್ದರು. ಇಂದಿಗೂ ನನಗೆ ಹೆದರಿಕೆ ಪೂರ್ತಿ ಹೋಗಿಲ್ಲ, ಟೇಪು ಎಳೆಯುವಾಗಲೆಲ್ಲ ಕೈ ಒಮ್ಮೆ ತಡೆಯುತ್ತದೆ. ಆದರೆ ಆ ಐದನೆಯ ದಿನ ಆದದ್ದನ್ನು ಹೇಳಿ ಮುಗಿಸುತ್ತೇನೆ.

ಅವತ್ತು ಅತ್ತೆ ಪೂಜೆ ಮುಗಿಸಿ, ಕರಡಿಗೆ ಮುಚ್ಚಿ, ಬಂದು ಕುತ್ತಿಗೆ ಮುಟ್ಟಿದರು. ಎಂದಿಗಿಂತ ಹೆಚ್ಚು ಹೊತ್ತು ಬೆರಳಾಡಿಸಿದರು.

"ಇಳದೈತಿ," ಎಂದರು.

"ಸುಳ್ಳು," ಎಂದೆ. "ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಎದುರಿಗೆ ನೆಲದ ಮೇಲೆ ಕೂತು, ಕರಡಿಗೆಯ ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡರು. ಬಲಗೈಯನ್ನು ಮತ್ತೆ ನನ್ನ ಕುತ್ತಿಗೆಗೆ ಹಚ್ಚಿದರು.

"ಇಳದೈತಿ," ಎಂದರು.